ವೇಷ ಕಳಚಿದ ಮುಖ: ಉತ್ತರ ಬೆಂಗಳೂರಿನ ನಟರ ಅಚ್ಚಿನ ಭಾವಚಿತ್ರಗಳು

ಕನ್ನಡ ರಂಗಭೂಮಿ ಮತ್ತು ಚಲನಚಿತ್ರಗಳ ಚರಿತ್ರೆಯನ್ನು ಬರೆದ ವಿದ್ವಾಂಸರು ನಾಟಕದ ಕೃತಿ, ಕಂಪನಿ, ಯಜಮಾನ, ನಟ, ಸಂಗೀತ ಇವುಗಳಿಗೆ ಕೊಟ್ಟ ಗಮನವನ್ನು ನಟನು ಕೆಲಸ ಕೇಳಿಕೊಂಡು ಹೋಗುವಾಗ ಕಂಕುಳಲ್ಲಿ ಇರುಕಿಕೊಂಡಿದ್ದ ಲಕೋಟೆಗೆ ಕೊಟ್ಟಿಲ್ಲ. ಆ ಲಕೋಟೆಯಲ್ಲಿದ್ದುದು ಅವನ ಭಾವಚಿತ್ರ. ಯಶವಂತಪುರ, ರವೀಂದ್ರನಾಥ ಟ್ಯಾಗೂರ್ ನಗರ, ಹೆಬ್ಬಾಳ, ಯಲಹಂಕಗಳ ಸ್ಟುಡಿಯೊಗಳಲ್ಲಿ ತೆಗೆಸಿ, ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಹೆಸರು ವಿಳಾಸ ಬರೆದು ಏಜೆಂಟರಿಗೂ ಮ್ಯಾನೇಜರುಗಳಿಗೂ ಕೊಟ್ಟುಬಂದ ಇಂತಹ ಚಿತ್ರಗಳು ನಮ್ಮ ಯಾವ ಸಂಗ್ರಹಾಲಯದ ಪಟ್ಟಿಯಲ್ಲಿಯೂ ಒಂದು ವರ್ಗವಾಗಿ ಸೇರಿಲ್ಲ. ನಟನೊಬ್ಬ ತನ್ನನ್ನು ತಾನು ಹೇಗೆ ಪರಿಚಯಿಸಿಕೊಂಡ ಎಂಬುದಕ್ಕೆ ಇದಕ್ಕಿಂತ ನೇರವಾದ ಆಕರ ಬೇರೊಂದಿಲ್ಲ. ಈ ಚಿತ್ರವನ್ನು ಎರಡೂ ಬದಿಗಳಿಂದ ಓದಬೇಕು ಎಂಬುದು ಪ್ರಸ್ತುತ ಪ್ರಬಂಧದ ನಿಲುವು.

ಮೊದಲಿಗೆ ಪದವನ್ನು ಗಮನಿಸಬಹುದು. ಕ್ಯಾಮರಾ ತೆಗೆದ ಚಿತ್ರಕ್ಕೆ ಕನ್ನಡದಲ್ಲಿ ಛಾಯಾಚಿತ್ರವೆಂಬ ಹೆಸರಿದೆ; ವ್ಯಕ್ತಿಯದಾದರೆ ಭಾವಚಿತ್ರ ಎನ್ನುತ್ತೇವೆ. ಹಳೆಯ ತಲೆಮಾರಿನ ಗ್ರಾಮೀಣರು 'ಪಟ ತೆಗೆಸುವುದು' ಎನ್ನುತ್ತಿದ್ದರು. ದೇವರ ಪಟ, ತೀರಿಹೋದ ಹಿರಿಯರ ಪಟ ಮತ್ತು ಬದುಕಿರುವವರ ಪಟ ಇವು ಒಂದೇ ಮಾತಿನಲ್ಲಿ ಅಡಗಿದ್ದವು. ಪಟ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆಂಬ ನಂಬಿಕೆ ಬೆಂಗಳೂರು ಸುತ್ತಿನ ಹಳ್ಳಿಗಳಲ್ಲಿಯೂ ಇತ್ತು. ಈ ನಂಬಿಕೆಯನ್ನು ನಗುತ್ತ ಬದಿಗಿಡುವ ಮೊದಲು ಒಂದು ಮಾತು ಹೇಳಬೇಕು: ತನ್ನ ಮುಖ ತನ್ನಿಂದ ಬೇರೆಯಾಗಿ ಅಪರಿಚಿತರ ಕೈಗೆ ಹೋಗುತ್ತದೆ ಎಂಬ ಅಳುಕು ಅದರ ಒಳಗಿದೆ. ಏಜೆಂಟರ ಮೇಜಿನ ಮೇಲೆ ತನ್ನ ಚಿತ್ರವನ್ನು ಬಿಟ್ಟುಬಂದ ಕಲಾವಿದೆಗೆ ಆ ಅಳುಕು ಮೂಢನಂಬಿಕೆಯಾಗಿ ತೋರಿರಲಾರದು.

ಜನಪದ ರಂಗಭೂಮಿಯಲ್ಲಿ ನಟನ ಸ್ವಂತ ಮುಖಕ್ಕೆ ಬೆಲೆಯಿರಲಿಲ್ಲ ಎಂದರೆ ತಪ್ಪಾಗದು. ತುಮಕೂರು, ಬೆಂಗಳೂರು ಸೀಮೆಯ ಮೂಡಲಪಾಯದಲ್ಲಿ ಕಿರೀಟ, ಭುಜಕೀರ್ತಿ, ಎದೆಹಾರಗಳನ್ನು ಕಟ್ಟಿ ಮುಖಕ್ಕೆ ಬಣ್ಣ ಹಚ್ಚಿದ ಮೇಲೆಯೇ ಕಲಾವಿದ ಸಭೆಯ ಕಣ್ಣಿಗೆ ಬೀಳುತ್ತಾನೆ. ಸೋಮನ ಕುಣಿತದಲ್ಲಿ ಕುಣಿಯುವವನ ಮುಖವೇ ಕಾಣದು; ಕಾಣುವುದು ಸೋಮ. ಇದೇ ಪ್ರದೇಶದ ಇನ್ನೂ ಹಳೆಯ ಸಾಕ್ಷ್ಯವೊಂದಿದೆ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ವೀರಗಲ್ಲು ಕಿತ್ತಯ್ಯನೆಂಬ ವೀರನ ಹೆಸರನ್ನು ಉಳಿಸಿಕೊಂಡಿದೆ. ಕಲ್ಲಿನ ಮೇಲೆ ಅವನ ಆಕೃತಿಯೂ ಇದೆ. ಆದರೆ ವೀರಗಲ್ಲುಗಳ ಆಕೃತಿ ಸಾಮಾನ್ಯವಾಗಿ ವೀರನೆಂಬ ಪಾತ್ರದ್ದೇ ಹೊರತು ಆ ವ್ಯಕ್ತಿಯ ಚಹರೆಯದಲ್ಲ. ವ್ಯಕ್ತಿ ಉಳಿಯುವುದು ಅಕ್ಷರದಲ್ಲಿ. ಚಿತ್ರ ಪಾತ್ರಕ್ಕೆ, ಅಕ್ಷರ ವ್ಯಕ್ತಿಗೆ ಎಂಬ ಈ ಹಂಚಿಕೆಯನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ವೃತ್ತಿನಾಟಕ ಕಂಪನಿಗಳ ಕಾಲದಲ್ಲಿಯೂ ಸ್ಥಿತಿ ಬಹಳ ಬದಲಾಗಲಿಲ್ಲ. 1884ರಲ್ಲಿ ಆರಂಭವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಮೊದಲಾದವುಗಳಿಗೆ ಸೇರಬಯಸಿದ ಹುಡುಗ ಹಾಡಬೇಕಿತ್ತು, ಮಾತು ಒಪ್ಪಿಸಬೇಕಿತ್ತು. ಗುಬ್ಬಿಯಿಂದ ತುಮಕೂರಿನ ಮೇಲೆ ಯಶವಂತಪುರವನ್ನು ಹಾದು ಬೆಂಗಳೂರಿಗೆ ಬರುವ ರೈಲುಮಾರ್ಗದಲ್ಲಿ ಪರದೆ ಪೆಟ್ಟಿಗೆಗಳೊಡನೆ ಓಡಾಡಿದ ಕಲಾವಿದರಿಗೆ ಶಾರೀರವೇ ಗುರುತಿನ ಚೀಟಿ. ಆಗಲೂ ಭಾವಚಿತ್ರಗಳಿದ್ದವು. ಆದರೆ ಅವು ಹೆಚ್ಚಾಗಿ ಪಾತ್ರದ ಚಿತ್ರಗಳು: ಕೃಷ್ಣನ ವೇಷದಲ್ಲಿ, ಸದಾರಮೆಯ ಸೀರೆಯಲ್ಲಿ, ಹಿಂದೆ ಬಿಡಿಸಿದ ಅರಮನೆಯ ಪರದೆ. ಮರಾಠಿಯ ಬಾಲಗಂಧರ್ವರ ಸ್ತ್ರೀವೇಷದ ಚಿತ್ರಗಳು ಉತ್ತರ ಕರ್ನಾಟಕದವರೆಗೆ ಪರಿಚಿತವಾದುದೂ ಹೀಗೆಯೇ. ಚಿತ್ರವು ಪ್ರೇಕ್ಷಕನನ್ನು ಕರೆಯುವುದಕ್ಕೆ ಇತ್ತೇ ಹೊರತು ಯಜಮಾನನಲ್ಲಿ ಕೆಲಸ ಬೇಡುವುದಕ್ಕಲ್ಲ.

1934ರ ಮಾರ್ಚ್ 3ರಂದು ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ'ದ ಎಂ.ವಿ. ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರು ವೃತ್ತಿರಂಗಭೂಮಿಯಿಂದ ಬಂದವರು. 1954ರ 'ಬೇಡರ ಕಣ್ಣಪ್ಪ'ದ ಮೂಲಕ ನಾಯಕರಾದ ರಾಜಕುಮಾರ್, ಅದೇ ಚಿತ್ರದಲ್ಲಿದ್ದ ನರಸಿಂಹರಾಜು, ಜಿ.ವಿ. ಅಯ್ಯರ್ ಇವರೆಲ್ಲರೂ ಗುಬ್ಬಿ ಕಂಪನಿಯ ಅನ್ನ ಉಂಡವರು. ಎಂದರೆ ಕನ್ನಡ ಚಲನಚಿತ್ರದ ಮೊದಲ ಎರಡು ದಶಕಗಳಲ್ಲಿ ನಾಟಕದ ಕಂಪನಿಯೇ ಏಜೆನ್ಸಿ. ರಂಗದ ಮೇಲೆ ನೋಡಿ, ಕೇಳಿ ಆರಿಸುವಾಗ ಲಕೋಟೆಯಲ್ಲಿ ಮುಖವನ್ನು ಕಳುಹಿಸುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಪಶ್ಚಿಮದಲ್ಲಿ ಈ ದಾರಿ ಬೇರೆಯಾಗಿ ತೆರೆದುಕೊಂಡಿತ್ತು. ಪ್ಯಾರಿಸ್ಸಿನ ದಿಸ್ದೆರಿ 1854ರಲ್ಲಿ ಭೇಟಿಚೀಟಿಯ ಅಳತೆಯ ಅಗ್ಗದ ಭಾವಚಿತ್ರಕ್ಕೆ ಹಕ್ಕುಪತ್ರ ಪಡೆದ ಮೇಲೆ ನಟನಟಿಯರ ಚಿತ್ರಗಳು ಅಂಗಡಿಯ ಸರಕಾದವು. ನ್ಯೂಯಾರ್ಕಿನ ನೆಪೋಲಿಯನ್ ಸರೋನಿ ರಂಗನಟರ ಚಿತ್ರಗಳಿಂದಲೇ ಹೆಸರಾದವನು. ಅವನು ತೆಗೆದ ಆಸ್ಕರ್ ವೈಲ್ಡನ ಚಿತ್ರವನ್ನು ಅನುಮತಿಯಿಲ್ಲದೆ ಅಚ್ಚು ಹಾಕಿದವರ ಮೇಲಿನ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಭಾವಚಿತ್ರವೂ ಕರ್ತೃವೊಬ್ಬನ ಕೃತಿಯೇ, ಆ ಕರ್ತೃ ಛಾಯಾಗ್ರಾಹಕನೇ ಎಂದು ತೀರ್ಪಿತ್ತಿತು. ಅದೂ 1884ರಲ್ಲಿ; ಗುಬ್ಬಿ ಕಂಪನಿ ಹುಟ್ಟಿದ ವರ್ಷ. ಕಾಕತಾಳೀಯವಷ್ಟೆ, ಆದರೂ ಎರಡು ನಾಡುಗಳ ನಟರು ಆಗ ಎಷ್ಟು ದೂರ ನಿಂತಿದ್ದರೆಂಬುದನ್ನು ಅದು ಅಳೆದು ತೋರಿಸುತ್ತದೆ. ಮುಂದೆ ಹಾಲಿವುಡ್ಡಿನಲ್ಲಿ 8 ಅಂಗುಲ ಅಗಲ, 10 ಅಂಗುಲ ಎತ್ತರದ ಹೊಳಪು ಚಿತ್ರ, ಅದರ ಬೆನ್ನಿಗೆ ಪಿನ್ನು ಹೊಡೆದ ಅನುಭವಪಟ್ಟಿ ಎಂಬುದು ಏಜೆಂಟರ ಲೋಕದ ನಿಯಮವೇ ಆಯಿತು.

ನಮ್ಮಲ್ಲಿ ಆ ನಿಯಮ ತಡವಾಗಿ ಬಂತು; ಬಂದಾಗ ಒಂದು ಮಾತಿನ ಜೊತೆ ಬಂತು. ಅದು 'ಹೊಸ ಮುಖ'. ಬಯಲಾಟದಲ್ಲಿ ವೇಷಧಾರಿ, ಕಂಪನಿಯಲ್ಲಿ ಪಾತ್ರಧಾರಿ ಎನಿಸಿದ್ದವನು ಸಿನಿಮಾದಲ್ಲಿ ಮುಖವಾದ. 'ಹೊಸ ಮುಖಗಳು ಬೇಕಾಗಿವೆ' ಎಂಬ ಬಗೆಯ ಪ್ರಕಟಣೆಗೆ ಉತ್ತರವಾಗಿ ಮುಖವನ್ನೇ ಅಂಚೆಗೆ ಹಾಕಬೇಕಾಯಿತು. ಕನ್ನಡ ಚಿತ್ರಗಳ ಕೆಲಸ ಬಹುಮಟ್ಟಿಗೆ ಮದರಾಸಿನಲ್ಲಿ ನಡೆಯುತ್ತಿದ್ದಾಗ ಇದು ದೂರದ ವ್ಯವಹಾರ. 1966ರಲ್ಲಿ ಸರ್ಕಾರದ ಕಂಠೀರವ ಸ್ಟುಡಿಯೊ ಯಶವಂತಪುರದಾಚೆ ಗೊರಗುಂಟೆಪಾಳ್ಯದ ಬಳಿ ಸ್ಥಾಪನೆಯಾದ ಮೇಲೆ ಅದು ಬಸ್ಸಿನ ದೂರಕ್ಕೆ ಇಳಿಯಿತು. ಪುಟ್ಟಣ್ಣ ಕಣಗಾಲರ 1972ರ 'ನಾಗರಹಾವು' ವಿಷ್ಣುವರ್ಧನ್, ಅಂಬರೀಶ್ ಇಬ್ಬರನ್ನೂ ಜನರ ಮುಂದೆ ನಿಲ್ಲಿಸಿದ ಬಳಿಕ ಹೊಸಬರಿಗೂ ಎಡೆಯುಂಟು ಎಂಬ ಆಸೆ ಬಲಿಯಿತು. 1981ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾಯಿತು; ರವೀಂದ್ರನಾಥ ಟ್ಯಾಗೂರ್ ನಗರದ ಪಕ್ಕದ ಜಯಚಾಮರಾಜೇಂದ್ರ ನಗರದಲ್ಲಿ ಅದು ನೆಲೆ ನಿಂತಿತು. 1994ರಲ್ಲಿ ಉದಯ, 2000ದಲ್ಲಿ ಈಟಿವಿ ವಾಹಿನಿಗಳು ಬಂದು ದಿನವಹಿ ಧಾರಾವಾಹಿಗಳು ಹೆಚ್ಚಿದಾಗ ಮುಖಗಳ ಬೇಡಿಕೆ ಹಿಂದೆಂದೂ ಕಾಣದಷ್ಟಾಯಿತು. ಗಾಂಧಿನಗರದಲ್ಲಿ ನಿರ್ಮಾಪಕರ ಕಚೇರಿಗಳು, ಉತ್ತರದಲ್ಲಿ ಸ್ಟುಡಿಯೊ ಮತ್ತು ದೂರದರ್ಶನ. ನಡುವೆ ಬಾಡಿಗೆ ಕೋಣೆಗಳಲ್ಲಿ ನೆಲೆಸಿದ ಆಕಾಂಕ್ಷಿಗಳು.

ಭಾವಚಿತ್ರದ ತಯಾರಿಯನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ನೋಡಬೇಕು. ಕಪ್ಪುಬಿಳುಪಿನ ಕಾಲದಲ್ಲಿ ಬಡಾವಣೆಯ ಸ್ಟುಡಿಯೊ ಎಂದರೆ ಮುಂದೆ ಗಾಜಿನ ಪ್ರದರ್ಶನ ಪೆಟ್ಟಿಗೆ, ಒಳಗೆ ಕನ್ನಡಿ, ಬಾಚಣಿಗೆ, ಪೌಡರಿನ ಡಬ್ಬ, ಅದರಾಚೆ ದೀಪಗಳ ಕೋಣೆ, ಅದರ ಹಿಂದೆ ಕತ್ತಲೆ ಕೋಣೆ. ಮದುವೆ, ಪಾಸ್‌ಪೋರ್ಟು ಅಳತೆಯ ಚಿತ್ರ, ಶಾಲೆಯ ಗುಂಪುಚಿತ್ರ ಇವೇ ಅವರ ಜೀವನೋಪಾಯ. ನಟನೆಯ ಆಸೆ ಹೊತ್ತವನು ಬಂದರೆ ಕೆಲಸ ಬೇರೆ. ಪಾಸ್‌ಪೋರ್ಟು ಚಿತ್ರಕ್ಕೆ ಬೇಕಾದ ಸಮನಾದ ಬೆಳಕು ಇಲ್ಲಿ ಸಲ್ಲದು. ಒಂದು ಕೆನ್ನೆಯ ಮೇಲೆ ಮುಖ್ಯ ದೀಪ, ಇನ್ನೊಂದು ಕಡೆ ನೆರಳನ್ನು ತಿಳಿಗೊಳಿಸುವ ದೀಪ, ಹಿಂದಿನಿಂದ ಕೂದಲಂಚಿಗೆ ಬೆಳಕು. ಮುಖದ ಹತ್ತಿರದ ಚಿತ್ರ, ಸೊಂಟದವರೆಗಿನದು, ಪೂರ್ಣ ನಿಲುವಿನದು, ಒಂದು ಪಾರ್ಶ್ವದ್ದು ಹೀಗೆ ಒಂದು ಕಟ್ಟು. ಸಾಧ್ಯವಾದರೆ ಪಂಚೆ ಇಲ್ಲವೆ ಸೀರೆಯಲ್ಲೊಂದು, ಪ್ಯಾಂಟಿನಲ್ಲಿ ಇಲ್ಲವೆ ಚೂಡಿದಾರದಲ್ಲಿ ಇನ್ನೊಂದು. ಹಳ್ಳಿಯವನ ಪಾತ್ರಕ್ಕೂ ಆಗುತ್ತೇನೆ, ಪೇಟೆಯವನಿಗೂ ಆಗುತ್ತೇನೆ ಎಂದು ಹೇಳುವ ಕ್ರಮ ಅದು. ವೇಷವನ್ನು ಕಳಚಿಸಿದ ಕ್ಯಾಮರಾದ ಮುಂದೆ ಈ ಎರಡು ಉಡುಪುಗಳ ಮೂಲಕ ವೇಷ ಸದ್ದಿಲ್ಲದೆ ಮರಳಿ ಬಂದಿರುವುದು ಗಮನಾರ್ಹ.

ಚಿತ್ರ ತೆಗೆದಾದ ಮೇಲೆ ತಿದ್ದುವ ಕೆಲಸ. ನೆಗೆಟಿವ್ ಮೇಲೆ ಅಂಟುದ್ರವ ಸವರಿ, ಚೂಪು ಪೆನ್ಸಿಲಿನಿಂದ ಮೊಡವೆ, ಕಣ್ಣಡಿಯ ಕಪ್ಪು, ಹಣೆಯ ಗೆರೆಗಳ ಜಾಗದಲ್ಲಿ ಸೂಕ್ಷ್ಮವಾಗಿ ಬಳಿಯುತ್ತಿದ್ದರು. ನೆಗೆಟಿವ್‌ನಲ್ಲಿ ಬಳಿದ ಕಪ್ಪು ಅಚ್ಚಿನಲ್ಲಿ ಬಿಳುಪಾಗುತ್ತದೆ. ಕನ್ನಡದಲ್ಲಿ 'ಬಣ್ಣ ಹಚ್ಚುವುದು' ಎಂದರೆ ನಟಿಸುವುದು ಎಂದೇ ಅರ್ಥ. ಸ್ಟುಡಿಯೊದ ಪೆನ್ಸಿಲು ಮಾಡುತ್ತಿದ್ದುದು ಬಣ್ಣ ತೆಗೆಯುವ ಕೆಲಸ. ಅರ್ಧ ನಾಡಿನ ಮೈಬಣ್ಣವನ್ನು ದೋಷವೆಂದು ಎಣಿಸಿ ತಿದ್ದಿದ ಈ ಪೆನ್ಸಿಲಿನ ತೀರ್ಪು ಯಾವ ನಿರ್ದೇಶಕನ ತೀರ್ಪಿಗಿಂತಲೂ ಮೊದಲೇ ಬಂದುಬಿಡುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಅತಿಯಾಗಿ ತಿದ್ದಿದ ಚಿತ್ರದಿಂದ ಕಲಾವಿದನಿಗೆ ನಷ್ಟವೂ ಆಗುತ್ತಿತ್ತು: ಚಿತ್ರ ನೋಡಿ ಕರೆಸಿಕೊಂಡವರು ಬಾಗಿಲಲ್ಲಿ ನಿಂತವನನ್ನು ಗುರುತಿಸದೆ ಹೋಗುವ ಸಾಧ್ಯತೆ.

ಕಾಗದದ ಆಯ್ಕೆಯೂ ಅಲಂಕಾರದ ವಿಷಯವಾಗಿರಲಿಲ್ಲ. ಮನೆಯಲ್ಲಿ ಕಟ್ಟು ಹಾಕಿಸುವ ಚಿತ್ರಕ್ಕೆ ಮಂದಹೊಳಪಿನ ಇಲ್ಲವೆ ನೇಯ್ಗೆಯಂತೆ ಕಾಣುವ ಕಾಗದ ಚೆನ್ನ. ಏಜೆಂಟರಿಗೆ ಕೊಡುವುದು ಹೊಳಪು ಕಾಗದದಲ್ಲಿರಬೇಕು. ಪಾತ್ರ ಸಿಕ್ಕರೆ ಅದೇ ಚಿತ್ರ ಪತ್ರಿಕೆಗೋ ಕರಪತ್ರಕ್ಕೋ ಹೋಗಿ ಬ್ಲಾಕ್ ಆಗಬೇಕು. ಸತುವಿನ ತಗಡಿನ ಮೇಲೆ ಚುಕ್ಕಿಗಳಾಗಿ ಒಡೆದು ಒರಟು ಕಾಗದದ ಮೇಲೆ ಮೂಡಬೇಕು. ಮೇಲ್ಮೈ ನಯವಾಗಿದ್ದು ಬೆಳಕು ನೆರಳುಗಳು ಸ್ಪಷ್ಟವಾಗಿ ಬೇರೆಯಾಗಿಲ್ಲದಿದ್ದರೆ ಬ್ಲಾಕಿನಲ್ಲಿ ಮುಖ ಮಸಿಯಾಗುತ್ತದೆ. ಅಳತೆಯಲ್ಲಿಯೂ ನಮ್ಮದೇ ರೂಢಿ ಬೆಳೆಯಿತು. ಪೋಸ್ಟ್‌ಕಾರ್ಡ್, ಕ್ಯಾಬಿನೆಟ್ ಅಳತೆಗಳ ತರುವಾಯ, 35 ಮಿಲಿಮೀಟರ್ ಫಿಲ್ಮು ಮತ್ತು ಕಲರ್ ಲ್ಯಾಬುಗಳು ಬಂದಾಗ 4 ಅಂಗುಲಕ್ಕೆ 6 ಅಂಗುಲದ ಅಚ್ಚು ಸಾಮಾನ್ಯವಾಯಿತು. ಆ ಫಿಲ್ಮಿನ ಒಂದು ಚೌಕ 24ಕ್ಕೆ 36 ಮಿಲಿಮೀಟರ್. ಎರಡಕ್ಕೆ ಮೂರರ ಈ ಪ್ರಮಾಣ 4ಕ್ಕೆ 6, 8ಕ್ಕೆ 12 ಅಂಗುಲಗಳಲ್ಲಿ ಪೂರ್ತಿ ಕೂರುತ್ತದೆ. ಹಾಲಿವುಡ್ಡಿನ 8ಕ್ಕೆ 10ರಲ್ಲಿ ತುದಿ ಕತ್ತರಿಸಿಹೋಗುತ್ತದೆ. ಖರ್ಚೂ ಮುಖ್ಯ ಕಾರಣ. ಹತ್ತು ಕಡೆ ಕೊಡಬೇಕಾದವನು ದೊಡ್ಡದನ್ನು ಒಂದೆರಡು, ಚಿಕ್ಕದನ್ನು ಹೆಚ್ಚು ಹಾಕಿಸುತ್ತಿದ್ದ. ದೊಡ್ಡದು ನಿರ್ದೇಶಕರಿಗೆ ತೋರಿಸಿ ಹಿಂದಕ್ಕೆ ಪಡೆಯುವುದಕ್ಕೆ, ಚಿಕ್ಕದು ಬಿಟ್ಟುಬರುವುದಕ್ಕೆ.

ಚಿತ್ರಗಳನ್ನು ಸ್ವೀಕರಿಸುವವರಲ್ಲಿ ಜೂನಿಯರ್ ಕಲಾವಿದರನ್ನು ಒದಗಿಸುವ ಏಜೆಂಟರು, ಪ್ರೊಡಕ್ಷನ್ ಮ್ಯಾನೇಜರುಗಳು, ಸಹನಿರ್ದೇಶಕರು ಎಂದು ಹಲವು ಸ್ತರಗಳಿದ್ದವು. ಮುಖ ತೋರಿಸುವ ಪಾತ್ರಕ್ಕೂ ಗುಂಪಿನಲ್ಲಿ ನಿಲ್ಲುವ ಕೆಲಸಕ್ಕೂ ಕೊಡುವ ಚಿತ್ರ ಒಂದೇ ಆಗಿದ್ದರೂ ಅದು ಯಾವ ಕಟ್ಟಿಗೆ ಸೇರುತ್ತದೆ ಎಂಬುದರ ಮೇಲೆ ಅವನ ಹಣೆಬರಹ ನಿಂತಿತ್ತು.

ಈಗ ಹಿಂಬದಿ. ಮುಂಬದಿಯ ಮುಖ ಎಷ್ಟು ತಿದ್ದಿಸಿಕೊಂಡದ್ದೋ ಹಿಂಬದಿಯ ಬರವಣಿಗೆ ಅಷ್ಟೇ ಬಿಚ್ಚುಮನಸ್ಸಿನದು. ಹೆಸರು, ವಯಸ್ಸು, ಅಡಿ ಅಂಗುಲಗಳಲ್ಲಿ ಎತ್ತರ, ಬಲ್ಲ ಭಾಷೆಗಳು, ಅದರ ಕೆಳಗೆ ಗೊತ್ತಿರುವ ವಿದ್ಯೆಗಳು: ಸೈಕಲ್ಲು, ಮೋಟಾರುಬೈಕು, ಈಜು, ಕುದುರೆ ಸವಾರಿ, ಭರತನಾಟ್ಯ, ಹಾರ್ಮೋನಿಯಂ. ಬಯಲುಸೀಮೆಯ ಹಳ್ಳಿಗಳಿಂದ ಬಂದವರು ಊರಿನಲ್ಲಿ ಕಟ್ಟಿದ ಪೌರಾಣಿಕ ಪಾತ್ರಗಳನ್ನೂ ಬರೆಯುತ್ತಿದ್ದರು. 'ಕುರುಕ್ಷೇತ್ರ'ದಲ್ಲಿ ಭೀಮ, ಶನಿಪ್ರಭಾವ ನಾಟಕದಲ್ಲಿ ವಿಕ್ರಮ ಎಂಬಂತೆ. ಚಿತ್ರದ ಮುಂಬದಿ ಕೇಳಿಸಲಾರದ ಕಂಠವನ್ನು ಹಿಂಬದಿಯ ಆ ಒಂದು ಸಾಲು ಹೇಗಾದರೂ ದಾಟಿಸಲು ನೋಡುತ್ತದೆ. ವೀರಗಲ್ಲಿನಲ್ಲಿ ಕಂಡ ಹಂಚಿಕೆಯೇ ಇಲ್ಲಿ ತಿರುಗಿ ಕಾಣಿಸುತ್ತದೆ: ವ್ಯಕ್ತಿ ಇರುವುದು ಅಕ್ಷರದಲ್ಲಿ.

ದೂರವಾಣಿಯ ಸಂಖ್ಯೆಯ ಮುಂದೆ 'ಪಿ.ಪಿ.' ಎಂಬ ಎರಡಕ್ಷರ ಇಂದಿನ ಓದುಗರಿಗೆ ಒಗಟಾಗಬಹುದು. ಸ್ವಂತ ಫೋನಿಲ್ಲದವರು ನೆರೆಮನೆಯ, ದಿನಸಿ ಅಂಗಡಿಯ, ಬಾಡಿಗೆ ಮನೆಯ ಮಾಲೀಕರ ಸಂಖ್ಯೆಯನ್ನು ಹೀಗೆ ಗುರುತುಮಾಡಿ ಕೊಡುತ್ತಿದ್ದರು. ಕರೆ ಬಂದಾಗ ಅಂಗಡಿಯವನು ಕೂಗಿ ಕರೆಯಬೇಕು. ಕೂಗದಿದ್ದರೆ ಪಾತ್ರ ಹೋಯಿತು. ಒಬ್ಬ ಕಲಾವಿದನ ಭವಿಷ್ಯ ಎಷ್ಟು ಜನರ ಸೌಜನ್ಯದ ಮೇಲೆ ನಿಂತಿತ್ತು ಎಂಬುದನ್ನು ಈ ಎರಡಕ್ಷರಗಳಷ್ಟು ಚಿಕ್ಕದಾಗಿ ಬೇರೆ ಯಾವ ದಾಖಲೆಯೂ ಹೇಳದು. ಹೊಡೆದುಹಾಕಿ ಮತ್ತೆ ಬರೆದ ವಿಳಾಸಗಳು, ಊರಿನ ಹೆಸರನ್ನು ಬಿಟ್ಟು ಇಟ್ಟುಕೊಂಡ ಪರದೆಯ ಹೆಸರು, ಕಡಿಮೆ ಮಾಡಿದ ವಯಸ್ಸು ಇವನ್ನೆಲ್ಲ ಸಂಶೋಧಕರು ಸಾಮಾಜಿಕ ಚರಿತ್ರೆಯ ಸಾಮಗ್ರಿಯಾಗಿ ಓದಬೇಕಾಗಿದೆ.

ಚಲನಚಿತ್ರದ ಏಜೆಂಟನಿಗಿಂತ ಹಳಬನಾದ ಇನ್ನೊಬ್ಬ ಮಧ್ಯವರ್ತಿಯನ್ನು ಜಾನಪದ ಅಧ್ಯಯನ ಮರೆಯಬಾರದು. ಯಲಹಂಕದಿಂದ ಮೇಲಕ್ಕೆ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಪೌರಾಣಿಕ ನಾಟಕಗಳು ನಡೆಯುತ್ತವೆ. ಇಲ್ಲಿ ಹವ್ಯಾಸಿ ನಟ ಹಣ ಪಡೆಯುವುದಿಲ್ಲ, ಕೊಡುತ್ತಾನೆ. ಪಾತ್ರಕ್ಕೆ ತಕ್ಕಂತೆ ವಂತಿಗೆ. ಕೃಷ್ಣ, ದುರ್ಯೋಧನರ ಬೆಲೆ ಹೆಚ್ಚು, ವಿದುರನದು ಕಡಿಮೆ. ದ್ರೌಪದಿ, ರುಕ್ಮಿಣಿ ಮೊದಲಾದ ಸ್ತ್ರೀಪಾತ್ರಗಳಿಗೆ ಸಂಭಾವನೆ ಕೊಟ್ಟು ವೃತ್ತಿ ಕಲಾವಿದೆಯರನ್ನು ಕರೆಸುತ್ತಾರೆ. ಇವರನ್ನು ಗೊತ್ತುಮಾಡುವವರು ಹಾರ್ಮೋನಿಯಂ ಮೇಷ್ಟ್ರು ಇಲ್ಲವೆ ಸೀನರಿ, ಉಡುಗೆಗಳನ್ನು ಬಾಡಿಗೆಗೆ ಕೊಡುವವರು. ಕರಪತ್ರದಲ್ಲಿ ಅಂಚೆಚೀಟಿಯಷ್ಟು ಚಿಕ್ಕ ಚೌಕಗಳಲ್ಲಿ ಎಲ್ಲ ಪಾತ್ರಧಾರಿಗಳ ಮುಖ, ಕೆಳಗೆ ಪಾತ್ರದ ಹೆಸರು. ಕರಪತ್ರದ ಈ ಮುಖಗಳಿಗೆ ವೇಷವಿಲ್ಲ ಎಂಬುದು ಸ್ವಾರಸ್ಯ. ಊರಿನವರಿಗೆ ಬೇಕಾದುದು ದುರ್ಯೋಧನನ ಮುಖವಲ್ಲ, ದುರ್ಯೋಧನನಾಗುವ ತಮ್ಮೂರಿನವನ ಮುಖ. ಎರಡೂ ಕಡೆ ಚಿತ್ರಕ್ಕೆ ಹಣ ತೆರುವವನು ನಟನೇ. ಊರಿನ ಕರಪತ್ರದಲ್ಲಿ ಆ ಹಣಕ್ಕೆ ಪಾತ್ರ ಖಚಿತ. ಏಜೆಂಟರ ಕಟ್ಟಿನಲ್ಲಿ ಯಾವುದೂ ಖಚಿತವಲ್ಲ.

ಹಾಗಾದರೆ ಚಿತ್ರ ಯಾರದು? ನಮ್ಮ 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದಂತೆ, ಬೇರೆ ಕರಾರಿಲ್ಲದಿದ್ದಲ್ಲಿ, ಹಣ ಕೊಟ್ಟು ತೆಗೆಸಿಕೊಂಡ ಭಾವಚಿತ್ರದ ಮೊದಲ ಒಡೆತನ ತೆಗೆಸಿಕೊಂಡವರದು. ಸರೋನಿಯ ತೀರ್ಪು ಛಾಯಾಗ್ರಾಹಕನ ಪರವಾಗಿತ್ತು. ನಮ್ಮ ಕಾನೂನು ಇಂತಹ ಸಂದರ್ಭದಲ್ಲಿ ಗಿರಾಕಿಯ ಪರವಾಗಿದೆ. ಆದರೆ ರೂಢಿ ಬೇರೆಯೇ ಇತ್ತು. ನೆಗೆಟಿವ್ ಸ್ಟುಡಿಯೊದಲ್ಲಿಯೇ ಉಳಿಯುತ್ತಿತ್ತು. ಮತ್ತೆ ಅಚ್ಚು ಬೇಕಾದರೆ ಅಲ್ಲಿಗೇ ಹೋಗಬೇಕು. ಅಚ್ಚುಗಳು ಏಜೆಂಟರಲ್ಲಿ ಉಳಿಯುತ್ತಿದ್ದವು. ಹಿಂದಕ್ಕೆ ಕೇಳುವ ಧೈರ್ಯ ಯಾರಿಗಿತ್ತು? ಮುಖವೂ ವಿಳಾಸವೂ ಒಂದೇ ಕಾಗದದ ಎರಡು ಬದಿಗಳಲ್ಲಿದ್ದುದರಿಂದ ಮಹಿಳೆಯರಿಗೆ ಇದು ಬರಿಯ ಒಡೆತನದ ಪ್ರಶ್ನೆಯಾಗಿರಲಿಲ್ಲ. 2017ರಲ್ಲಿ ನೇಮಕವಾಗಿ 2024ರ ಆಗಸ್ಟಿನಲ್ಲಿ ವರದಿ ಹೊರಬಂದ ಕೇರಳದ ನ್ಯಾಯಮೂರ್ತಿ ಹೇಮಾ ಸಮಿತಿಯು ಅವಕಾಶ ಕೇಳಿ ಬಂದ ಹೆಣ್ಣುಮಕ್ಕಳ ಸ್ಥಿತಿಯನ್ನು ಬಿಡಿಸಿಟ್ಟಿತು. ಆ ವರ್ಷವೇ ಕರ್ನಾಟಕದಲ್ಲಿಯೂ ಅಂತಹ ಸಮಿತಿ ಬೇಕೆಂಬ ಒತ್ತಾಯ ಚಿತ್ರೋದ್ಯಮದ ಒಳಗಿನಿಂದಲೇ ಬಂದಿತು. ವಿಳಾಸದ ಜಾಗದಲ್ಲಿ ತಂದೆಯ ಅಥವಾ ಅಣ್ಣನ ಹೆಸರನ್ನಷ್ಟೇ ಬರೆದ ಹಳೆಯ ಚಿತ್ರಗಳನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ನೋಡಬೇಕು. ಅದನ್ನು ಸಂಪ್ರದಾಯಶೀಲತೆ ಎಂದಷ್ಟೇ ಓದಿದರೆ ಸಾಲದು, ಎಚ್ಚರಿಕೆಯೂ ಹೌದು.

ಇಂದು ಏಜೆಂಟರು, ಕಾಸ್ಟಿಂಗ್ ನಿರ್ದೇಶಕರು ಕೇಳುವುದು ಮೊಬೈಲಿಗೆ ಕಳುಹಿಸಿದ ಚಿತ್ರ ಮತ್ತು ಸ್ವಪರಿಚಯದ ಕಿರು ದೃಶ್ಯ. ಕಂಪನಿಯ ಕಾಲದ ಕಂಠಪರೀಕ್ಷೆ ಒಂದು ರೀತಿಯಲ್ಲಿ ಹೀಗೆ ಮರಳಿದೆ. ಅಚ್ಚಿನ ಚಿತ್ರ ಪೂರ್ತಿ ಮರೆಯಾಗಿಲ್ಲವಾದರೂ ಅದರ ಕಾಲ ಮುಗಿಯುತ್ತ ಬಂದಿದೆ. ಉಳಿದವನ್ನು ಸಂಗ್ರಹಿಸುವ ಗ್ರಂಥಾಲಯಗಳು ಒಂದು ಸಂಗತಿಯನ್ನು ಗಮನಿಸಬೇಕು. ಭಾವಚಿತ್ರವನ್ನು ಆಲ್ಬಮಿಗೆ ಅಂಟಿಸಿದರೆ, ಮುಂಬದಿಯನ್ನು ಮಾತ್ರ ಗಣಕಕ್ಕೆ ಏರಿಸಿದರೆ, ಅರ್ಧ ದಾಖಲೆ ನಾಶವಾದಂತೆ. ಹಳೆಯ ನಾರಿನ ಕಾಗದದ ಬೆನ್ನು ಪೆನ್ಸಿಲನ್ನೂ ಶಾಯಿಯನ್ನೂ ಹೀರಿಕೊಂಡು ಉಳಿಸಿದೆ. 1970ರ ದಶಕದ ಈಚೆಗೆ ಬಳಕೆಗೆ ಬಂದ ಪ್ಲಾಸ್ಟಿಕ್ ಲೇಪದ ಕಾಗದದ ಬೆನ್ನಿನ ಮೇಲೆ ಶಾಯಿ ನಿಲ್ಲದೆ ಮುಂದಿನ ಚಿತ್ರದ ಮುಖಕ್ಕೆ ಅಂಟಿಕೊಳ್ಳುತ್ತದೆ. ಬಾಲ್‌ಪೆನ್ನಿನಿಂದ ಒತ್ತಿ ಬರೆದ ಅಕ್ಷರ ಮುಂಬದಿಯ ಕೆನ್ನೆಯ ಮೇಲೆ ಉಬ್ಬಿ ಕಾಣುತ್ತದೆ. ಪಿನ್ನಿನ ತುಕ್ಕು ಮೂಲೆಯನ್ನು ತಿಂದಿರುತ್ತದೆ. ಇಂತಹವನ್ನು ಒಂದರ ಮೇಲೊಂದು ಪೇರಿಸದೆ ನಡುವೆ ಆಮ್ಲರಹಿತ ಕಾಗದವಿಟ್ಟು, ಎರಡೂ ಬದಿಗಳ ಪ್ರತಿ ತೆಗೆದು, ಹಿಂಬದಿಯ ಬರಹವನ್ನು ತಿದ್ದದೆ ನಕಲು ಮಾಡಬೇಕು. ಬದುಕಿರುವವರ ವಿಳಾಸ, ದೂರವಾಣಿಗಳನ್ನು ಪ್ರಕಟಿಸುವಾಗ ಮರೆಮಾಡಬೇಕಾದುದು ಬೇರೆ ಮಾತು.

ಅಚ್ಚುಗಳಾದರೂ ಟ್ರಂಕುಗಳಲ್ಲಿ ಅಲ್ಲಲ್ಲಿ ಸಿಗುತ್ತವೆ. ನೆಗೆಟಿವ್‌ಗಳ ಗತಿ ಬೇರೆ. ಕಪ್ಪುಬಿಳುಪಿನ ನೆಗೆಟಿವ್‌ನಲ್ಲಿ ಮುಖವನ್ನು ಮೂಡಿಸಿರುವುದು ಬೆಳ್ಳಿಯ ಕಣಗಳು. ಸ್ಟುಡಿಯೊ ಮುಚ್ಚುವಾಗ, ಮಳಿಗೆ ಮೊಬೈಲ್ ಅಂಗಡಿಗೋ ಜೆರಾಕ್ಸಿಗೋ ಬದಲಾಗುವಾಗ, ಬಳಸಿದ ಹೈಪೋ ನೀರಿನಂತೆ ಹಳೆಯ ನೆಗೆಟಿವ್‌ಗಳನ್ನೂ ಬೆಳ್ಳಿ ತೆಗೆಯುವವರು ಕಿಲೋ ಲೆಕ್ಕದಲ್ಲಿ ಕೊಂಡೊಯ್ಯುತ್ತಾರೆ.